ಕಾಲರ್ ತಿರುವಿ ನೋಡಿ, ಆಮೇಲೆ ಬೆಲೆ ಕೇಳಿ: ಸೂಪರ್ ಮಾರ್ಕೆಟ್ ಹಿಂದಿನ ಹಳೆ ಬಟ್ಟೆ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿರುವ ಈ ಅಂಗಡಿಗೆ ಹೆಸರಿನ ಫಲಕವಿಲ್ಲ. ಬಾಗಿಲಿಗೆ ತೂಗುಹಾಕಿದ ಜೀನ್ಸ್ ಜಾಕೆಟ್ಟುಗಳೇ ಗುರುತು. ನಾನು ಹವ್ಯಾಸಿ ನಾಟಕ ತಂಡಗಳಿಗೆ ವೇಷಭೂಷಣ ಹೊಂದಿಸುವವಳು. ಕಥೆಯ ಕಾಲಕ್ಕೆ ತಕ್ಕ ಬಟ್ಟೆ ಸಿಗುವುದಾದರೆ ಧೂಳನ್ನೂ ನುಸಿಗುಳಿಗೆಯ ವಾಸನೆಯನ್ನೂ ಸಹಿಸಿಕೊಳ್ಳುತ್ತೇನೆ. ಇಲ್ಲಿ ಎರಡೂ ಧಾರಾಳವಾಗಿವೆ.

ಮಾಲು ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಕರಾರೆಲ್ಲ ಬಟ್ಟೆಗೆ ಪಿನ್ನು ಚುಚ್ಚಿ ಸಿಕ್ಕಿಸಿದ ಚೀಟಿಗಳ ಮೇಲೆ. ‘1970ರ ಅಮೆರಿಕ’, ‘ಬ್ರಿಟಿಷರ ಕಾಲ’, ‘ನಿಜಾಮರ ಕಾಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕಾಲ ಹಿಂದಕ್ಕೆ ಹೋದಷ್ಟೂ ಬೆಲೆ ಏರಿಸಿದ್ದಾರೆ. ಹಾಗೆಂದು ಯಾರು ಹೇಳಿದರು ಎಂದು ಕೇಳಿದರೆ, ‘ನೋಡಿದರೇ ಗೊತ್ತಾಗುತ್ತದಲ್ಲ ಅಕ್ಕಾ’ ಎಂಬ ಉತ್ತರ. ನೋಡಬೇಕಾದದ್ದು ಬಟ್ಟೆಯ ಒಳಗೆ ಎಂಬುದನ್ನು ಅವರಿಗೆ ಯಾರೂ ಹೇಳಿದಂತಿಲ್ಲ.

‘1970ರ ಅಮೆರಿಕ’ ಎಂಬ ಜಾಕೆಟ್ಟಿಗೆ ಒಂಬೈನೂರು ರೂಪಾಯಿ. ಪಕ್ಕದ ಹೊಲಿಗೆಯಲ್ಲಿದ್ದ ಪುಟ್ಟ ಲೇಬಲ್ಲಿನಲ್ಲಿ ಒಗೆಯುವ ತೊಟ್ಟಿ, ತ್ರಿಕೋನ, ಇಸ್ತ್ರಿಪೆಟ್ಟಿಗೆಯ ಚಿತ್ರಗಳಿದ್ದವು; ಒಗೆಯುವ ಬಗ್ಗೆ ಒಂದು ಪದವೂ ಇರಲಿಲ್ಲ. ಬಟ್ಟೆಗೆ ಒಗೆಯುವ ಸೂಚನೆಯ ಲೇಬಲ್ ಕಡ್ಡಾಯವಾಗಿ ಇರಬೇಕೆಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದೇ 1972ರಲ್ಲಿ. ಪದಗಳ ಬದಲು ಬರೀ ಚಿತ್ರ ಹಾಕಲು ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಅಲ್ಲಿಗೆ ಚೀಟಿಯ ಲೆಕ್ಕ ಕಾಲು ಶತಮಾನಕ್ಕಿಂತ ಹೆಚ್ಚು ತಪ್ಪಿತು. ಯುರೋಪಿನ ಬಟ್ಟೆಗೆ ಇದೇ ಅಳತೆಗೋಲು ಹಿಡಿಯಬೇಡಿ, ಅಲ್ಲಿ ಇಂಥ ಚಿತ್ರಗಳು 1960ರ ದಶಕದಿಂದಲೇ ಇವೆ. ಅದೇ ಲೇಬಲ್ಲಿನಲ್ಲಿ ‘ಆರ್‌ಎನ್’ ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆಯಿತ್ತು. ಅಂಗಡಿಯವರು ಅದನ್ನೇ ತಯಾರಿಕೆಯ ಗುಟ್ಟಿನ ಸಂಖ್ಯೆ ಎಂದು ತೋರಿಸಿದರು. ಅದು ಕಂಪನಿಯ ನೋಂದಣಿ ಸಂಖ್ಯೆ. ತಯಾರಾದ ವರ್ಷ ಅದರಲ್ಲಿ ಇರುವುದಿಲ್ಲ.

‘ಬ್ರಿಟಿಷರ ಕಾಲ’ದ ಉಣ್ಣೆಯ ಕೋಟಿನದು ಇನ್ನೂ ತಮಾಷೆ. ಒಳಜೇಬಿನ ಬಳಿ ಉಣ್ಣೆಯ ಉಂಡೆಯಂಥ ವುಲ್‌ಮಾರ್ಕ್ ಚಿಹ್ನೆ, ಅದರ ಕೆಳಗೆ ‘ಪಶ್ಚಿಮ ಜರ್ಮನಿಯಲ್ಲಿ ತಯಾರಾದದ್ದು’ ಎಂಬ ಸಾಲು. ವುಲ್‌ಮಾರ್ಕ್ ಹುಟ್ಟಿದ್ದು 1964ರಲ್ಲಿ, ಎರಡು ಜರ್ಮನಿಗಳು ಒಂದಾದದ್ದು 1990ರಲ್ಲಿ. ಕೋಟು ಈ ನಡುವಿನದು. ಬ್ರಿಟಿಷರು ಅಷ್ಟರಲ್ಲಿ ಹೋಗಿ ಎಷ್ಟು ಕಾಲವಾಗಿತ್ತು! ನಮ್ಮೂರಿನ ಬಿಸಿಲಿನಲ್ಲಿ ಇದನ್ನು ಯಾರು ತೊಡುತ್ತಾರೋ ಎಂಬುದು ಬೇರೆ ಮಾತು.

ನಿಜವಾದ ಸರಕು ಇರುವುದು ಹಿಂದಿನ ಗೋಡೆಯ ದೇಸಿ ಸಾಲಿನಲ್ಲಿ. ಅಲ್ಲಿಗೆ ಚೀಟಿ ಇನ್ನೂ ಅಷ್ಟಾಗಿ ತಲುಪಿಲ್ಲ. ಒಂದು ಕಾಲಕ್ಕೆ ನಮ್ಮಲ್ಲಿ ಪ್ಯಾಂಟು, ಬುಷ್ ಶರ್ಟುಗಳನ್ನು ಹೆಚ್ಚಾಗಿ ಹೊಲಿಸಿಯೇ ತೊಡುತ್ತಿದ್ದರು. ಹಾಗಾಗಿ ಕಾಲರಿನಲ್ಲಿ, ಸೊಂಟಪಟ್ಟಿಯ ಒಳಗೆ ಸಿಗುವುದು ಕಂಪನಿಯ ಹೆಸರಲ್ಲ, ದರ್ಜಿಯ ವಿಳಾಸ. ಒಂದು ಟೆರಿಕಾಟ್ ಪ್ಯಾಂಟಿನೊಳಗೆ ‘ಗುಲ್ಬರ್ಗಾ, ಮೈಸೂರು ಸ್ಟೇಟ್’ ಎಂದು ಇಂಗ್ಲಿಷಿನಲ್ಲಿ ನೇಯ್ದ ಲೇಬಲ್ ಕಂಡು ನನಗೆ ಕುಣಿಯುವಂತಾಯಿತು. ಈ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಮೈಸೂರು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ವಿಳಾಸದಲ್ಲಿ ಪಿನ್ ಕೋಡ್ ಇಲ್ಲ. ಅದು ಜಾರಿಗೆ ಬಂದದ್ದು 1972ರ ಆಗಸ್ಟ್‌ನಲ್ಲಿ. ಆದರೆ ದರ್ಜಿಗಳು ಲೇಬಲ್ಲುಗಳನ್ನು ಕಟ್ಟುಗಟ್ಟಲೆ ಮಾಡಿಸಿಟ್ಟು ಮುಗಿಯುವ ತನಕ ಹೊಲಿಯುತ್ತಾರೆ. ಹಾಗಾಗಿ 1956ಕ್ಕಿಂತ ಹಿಂದಿನದಲ್ಲ ಎಂದು ಗಟ್ಟಿಯಾಗಿ ಹೇಳಬಹುದು; 1973ರ ನಂತರದ್ದಲ್ಲ ಎಂದು ಹಾಗೆ ಆಣೆ ಮಾಡಲಾಗದು. ಬರೀ ‘ಗುಲ್ಬರ್ಗಾ’ ಎಂದಿದ್ದರೆ ಅದರಿಂದ ಏನೂ ತಿಳಿಯದು, 2014ರವರೆಗೂ ಸರ್ಕಾರದ ಕಾಗದದಲ್ಲಿ ಅದೇ ಇತ್ತು.

ಅದೇ ಸಾಲಿನಲ್ಲಿ ಮಡಿಕೆ ಬಿಚ್ಚದ ಒಂದು ಧೋತರವಿತ್ತು. ಅಂಚಿನ ಮುದ್ರೆಯಲ್ಲಿ ಉದ್ದ ಗಜದ ಲೆಕ್ಕದಲ್ಲಿ, ಬೆಲೆ ನಯಾ ಪೈಸೆಯಲ್ಲಿ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ‘ನಯಾ’ ಬಿದ್ದುಹೋದದ್ದು 1964ರಲ್ಲಿ. ಗಜ ಹೋಗಿ ಮೀಟರ್ ಕಡ್ಡಾಯವಾದದ್ದು ಈ ನಡುವೆ. ಇಷ್ಟು ಕಿರಿದಾದ ಅವಧಿಯನ್ನು ತಾನೇ ಹೇಳುವ ಬಟ್ಟೆ ಅಂಗಡಿಯಲ್ಲಿ ಇನ್ನೊಂದಿರಲಿಲ್ಲ. ಅದನ್ನು ಮಾತ್ರ ಒರೆಸುವ ಬಟ್ಟೆಗಳ ಗುಡ್ಡೆಯ ಮೇಲೆ ಎಸೆದಿದ್ದರು.

‘ನಿಜಾಮರ ಕಾಲ’ದ ಶೇರವಾನಿಯ ಲೇಬಲ್ಲಿನಲ್ಲಿ ಉರ್ದು, ಇಂಗ್ಲಿಷ್ ಎರಡೂ ಇದ್ದವು, ‘ಹೈದರಾಬಾದ್ ದಕ್ಖನ್’ ಎಂದೂ ಇತ್ತು. ನಿಜಾಮರ ಆಳ್ವಿಕೆ ಮುಗಿದ ಮೇಲೂ ಆ ಊರಿನ ಅಂಗಡಿಗಳು ‘ದಕ್ಖನ್’ ಬಿಡಲಿಲ್ಲ, ಆದ್ದರಿಂದ ಅದೊಂದೇ ಸಾಕ್ಷಿಯಾಗದು. ಅಂಗಡಿಯವರ ಎದುರೇ ಒಳಮಡಿಕೆಯಿಂದ ಒಂದೆಳೆ ದಾರ ಎಳೆದು ಸುಟ್ಟೆ. ಕಾಗದದಂತೆ ಉರಿದು ಬೂದಿಯಾಯಿತು, ಹತ್ತಿಯ ದಾರ. ಲೇಬಲ್ ಹೊಲಿದ ದಾರ ಕರಗಿ ಗಟ್ಟಿ ಮಣಿಯಾಯಿತು, ಪಾಲಿಯೆಸ್ಟರ್. ಎಂದರೆ ಲೇಬಲ್ಲನ್ನು ಆಮೇಲೆ ಯಾರೋ ಹೊಲಿದಿದ್ದಾರೆ. ಇದೇ ಶೇರವಾನಿಯದೋ ಬೇರೆಯದರದೋ. ಅಂಗಡಿಯವರ ಮುಖ ಸಪ್ಪೆಯಾಯಿತು, ಬೆಲೆ ಅರ್ಧಕ್ಕಿಳಿಯಿತು. ರಂಗದ ಮೇಲೆ ಯಾರೂ ಲೇಬಲ್ ನೋಡುವುದಿಲ್ಲವಾದ್ದರಿಂದ ಕೊಂಡುಕೊಂಡೆ.

ಕ್ಷಮಿಸಲಾಗದ ಸಂಗತಿ ಒಂದಿದೆ. ಕುತ್ತಿಗೆಗೆ ಚುಚ್ಚುತ್ತದೆ ಎಂದು ಗಿರಾಕಿಗಳು ದೂರಿದರೆಂದು ಮುಂದಿನ ಸಾಲಿನ ಎಷ್ಟೋ ಶರ್ಟುಗಳ ಲೇಬಲ್ಲನ್ನು ಕತ್ತರಿಸಿದ್ದಾರೆ. ಅಂಥವುಗಳ ಚೀಟಿಯ ಮೇಲೆ ಏನೇ ಬರೆದಿರಲಿ, ಹಳೆ ಶರ್ಟಿನ ಬೆಲೆಗಿಂತ ಹೆಚ್ಚು ಕೊಡಬೇಡಿ.

ತೊಟ್ಟು ನೋಡಲು ಒಂದು ಪರದೆಯಷ್ಟೇ ಇದೆ, ಕನ್ನಡಿ ಹೊರಗೆ. ವಾಪಸು ತೆಗೆದುಕೊಳ್ಳುವುದಿಲ್ಲ. ಚೌಕಾಶಿಗೆ ಬೇಸರಿಸುವುದಿಲ್ಲ, ಗಂಟೆಗಟ್ಟಲೆ ಹುಡುಕಿದರೂ ಗೊಣಗುವುದಿಲ್ಲ. ಇದು ದೊಡ್ಡ ಗುಣ. ಧೋತರ, ಪ್ಯಾಂಟು ಎರಡೂ ನನ್ನ ಪೆಟ್ಟಿಗೆ ಸೇರಿವೆ. ಜರ್ಮನ್ ಕೋಟು ಇನ್ನೂ ಅಲ್ಲೇ ಇದೆ. ಬೇಕಾದವರು ಕೊಳ್ಳಬಹುದು, ಹೊಲಿಗೆ ಅಚ್ಚುಕಟ್ಟಾಗಿದೆ. ಹಣ ಕೊಡುವ ಮೊದಲು ‘ಬ್ರಿಟಿಷರ ಕಾಲ’ದ ಬೆಲೆಯನ್ನು ಮಾತ್ರ ಇಳಿಸಲು ಹೇಳಿ.