ಹೆಸರುಹಿಟ್ಟು, ಸ್ಕ್ರಬ್, ಸೀರಮ್: ಅರ್ಧ ಮುಖಕ್ಕೊಂದು, ಇನ್ನರ್ಧಕ್ಕೊಂದು

ಮುಖದ ಸತ್ತ ಚರ್ಮ ತೆಗೆಯೋಕೆ ಯಾವುದು ಒಳ್ಳೆಯದು ಅಂತ ಕೇಳಿದರೆ ನಮ್ಮ ಬಳಗದಲ್ಲೇ ಮೂರು ಪಕ್ಷ ಇವೆ. ಅಮ್ಮನದು ಹೆಸರುಹಿಟ್ಟಿನ ಪಕ್ಷ. ಚಿಕ್ಕಮ್ಮನ ಮಗಳದು ಟ್ಯೂಬಿನಲ್ಲಿ ಬರುವ ಸ್ಕ್ರಬ್. ಆಫೀಸಿನ ಗೆಳತಿಯರದು ಡ್ರಾಪರ್ ಇರುವ ಪುಟ್ಟ ಗಾಜಿನ ಬಾಟಲಿಯ ಆ್ಯಸಿಡ್ ಸೀರಮ್. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಲ್ಲ. ಸರಿ, ಎಲ್ಲವನ್ನೂ ನನ್ನ ಮುಖದ ಮೇಲೇ ಜಗಳಕ್ಕೆ ಬಿಡೋಣ ಅಂದುಕೊಂಡೆ.

ಮಾಡಿದ್ದಿಷ್ಟು. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು. ಉಳಿದದ್ದೆಲ್ಲ ಎರಡೂ ಕಡೆ ಒಂದೇ: ಅದೇ ಫೇಸ್‌ವಾಶ್, ಅದೇ ಮಾಯಿಶ್ಚರೈಸರ್, ಅದೇ ಸನ್‌ಸ್ಕ್ರೀನ್. ಚರ್ಮದ ಡಾಕ್ಟರುಗಳೂ ಕ್ರೀಮುಗಳನ್ನು ಹೀಗೆ ಅರ್ಧರ್ಧ ಮುಖಕ್ಕೆ ಹಚ್ಚಿ ಪರೀಕ್ಷೆ ಮಾಡುತ್ತಾರೆ, ನನ್ನ ಹೊಸ ಐಡಿಯಾ ಏನಲ್ಲ. ನನಗೆ ಬಲಮಗ್ಗುಲಿಗೆ ಮಲಗುವ ಅಭ್ಯಾಸ. ದಿಂಬಿಗೆ ಒತ್ತುವ ಕೆನ್ನೆಗೆ ಅನ್ಯಾಯ ಆಗಬಾರದು ಅಂತ ಆಮೇಲೆ ಪಕ್ಕ ಬದಲಿಸಿಯೂ ನೋಡಿದೆ. ನನ್ನ ಬಣ್ಣ ಎಣ್ಣೆಗೆಂಪು. ಹಣೆ, ಮೂಗು, ಗಲ್ಲ ಮಧ್ಯಾಹ್ನದ ಹೊತ್ತಿಗೆ ಜಿಡ್ಡು ಜಿಡ್ಡು, ಕೆನ್ನೆ ಮಾತ್ರ ಒಣ. ದಿನವೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಸವಾರಿ. ನಿಮ್ಮ ಚರ್ಮ ಬೇರೆ ಥರ ಇದ್ದರೆ ಲೆಕ್ಕವೂ ಸ್ವಲ್ಪ ಬೇರೆಯಾಗುತ್ತದೆ.

ಸತ್ತ ಚರ್ಮವನ್ನು ನಾವೇ ಕಿತ್ತು ತೆಗೆಯಬೇಕಾಗಿಲ್ಲ, ಅದು ತಾನಾಗಿಯೇ ಉದುರುತ್ತಿರುತ್ತದೆ. ಒಳಗೆ ಹುಟ್ಟಿದ ಕೋಶ ಮೇಲೆ ಬಂದು ಒಣಗಿ ಉದುರೋಕೆ ಚಿಕ್ಕ ವಯಸ್ಸಿನಲ್ಲಿ ಹೆಚ್ಚೂಕಮ್ಮಿ 28 ದಿನ ಬೇಕು. ವಯಸ್ಸಾದಂತೆ ಅದು ನಿಧಾನವಾಗುತ್ತದೆ, 40 ದಿನ ದಾಟುವುದೂ ಉಂಟು. ಉದುರಬೇಕಾದದ್ದು ಅಲ್ಲೇ ಅಂಟಿಕೊಂಡು ಕೂತರೆ ಮುಖ ಮಂಕಾಗಿ ಕಾಣುತ್ತದೆ, ಮುಟ್ಟಿದರೆ ತರಿತರಿ ಅನ್ನಿಸುತ್ತದೆ. ನಾವು ಮಾಡೋದು ಸುಮ್ನೆ ಸ್ವಲ್ಪ ಕೈಜೋಡಿಸುವ ಕೆಲಸ.

‘ಇದರಿಂದ ಬೆಳ್ಳಗಾಗ್ತೀವಾ?’ ಅಂತ ಕೇಳುವವರಿಗೆ ಉತ್ತರ: ಇಲ್ಲ. ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದುಹಾಕಿ ‘ಗ್ಲೋ’ ಅಂತ ಮಾಡಿಕೊಂಡಿತು. ನಮ್ಮ ಆಸೆ ಮಾತ್ರ ಇನ್ನೂ ಹೆಸರು ಬದಲಿಸಿಲ್ಲ. ಬಣ್ಣ ಇದ್ದದ್ದೇ ಇರುತ್ತದೆ. ಅದರ ಮೇಲೆ ಬೆಳಕು ಒಂದೇ ಸಮನಾಗಿ ಬೀಳುತ್ತದೆ, ಅಷ್ಟೇ.

ಹಾಗಾದರೆ ಗೆದ್ದದ್ದು ಯಾವುದು ಅಂತ ಅಳೆಯೋದು ಹೇಗೆ? ತೊಳೆದ ತಕ್ಷಣ ಕೈಗೆ ಸಿಗುವ ನುಣುಪನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮರಳುಕಾಗದ ಉಜ್ಜಿದರೂ ಆ ಕ್ಷಣ ನುಣುಪಾಗಿಯೇ ಇರುತ್ತದೆ. ನಾನು ನೋಡಿದ್ದು ಮರುದಿನ ಬೆಳಿಗ್ಗೆಯನ್ನು. ಬರೀ ತಣ್ಣೀರು ಹಾಕಿದಾಗ ಚುರ್ ಅನ್ನಬಾರದು, ಮಾಯಿಶ್ಚರೈಸರ್ ಉರಿಯಬಾರದು, ಎಲ್ಲೂ ಕೆಂಪಾಗಿರಬಾರದು. ಇಷ್ಟು ಬಿಗಿ ಯಾಕೆ ಅಂದರೆ, ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಹೋಗುವಾಗ ಕಪ್ಪು ಕಲೆ ಬಿಟ್ಟು ಹೋಗುತ್ತದೆ. ಒಂದು ಸಣ್ಣ ಗಾಯದ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮುಖ ಸರಿಮಾಡಲು ಹೋಗಿ ಹೊಸ ಕಲೆ ತಂದುಕೊಂಡರೆ ಏನು ಬಂತು, ಅಲ್ವಾ?

ಮೊದಲು ಅಡುಗೆಮನೆ. ಅಂಗಡಿಯ ಕಡಲೆಹಿಟ್ಟು ಒಂದು ಕಡೆ, ಮನೆಯಲ್ಲಿ ಮಿಕ್ಸಿಗೆ ಹಾಕಿದ ಹೆಸರುಹಿಟ್ಟು ಇನ್ನೊಂದು ಕಡೆ. ಕಡಲೆಹಿಟ್ಟು ನಯ, ಆದರೆ ಅಂಟು. ನೀರು ಹಾಕಿದ ಕೂಡಲೇ ಬಜ್ಜಿ ಹಿಟ್ಟಾಗಿ ಕೂರುತ್ತದೆ. ಹುಬ್ಬಿನಲ್ಲಿ, ಕಿವಿಯ ಪಕ್ಕದ ಕೂದಲಲ್ಲಿ ಸಿಕ್ಕಿಕೊಂಡರೆ ಬಿಡಿಸೋದೇ ಒಂದು ಕೆಲಸ. ಮಿಕ್ಸಿಯ ಹೆಸರುಹಿಟ್ಟಿನಲ್ಲಿ ತರಿ ಉಳಿಯುತ್ತದೆ. ಹಿಟ್ಟಿನ ಜರಡಿಯಲ್ಲಿ ಒಮ್ಮೆ, ತೆಳು ಪಂಚೆ ಬಟ್ಟೆಯಲ್ಲಿ ಇನ್ನೊಮ್ಮೆ ಜಾಲಿಸಿದ ಮೇಲೆ ಬೆರಳ ನಡುವೆ ಉಜ್ಜಿದರೂ ಕಣ ಗೊತ್ತಾಗದ ಪುಡಿ ಬಂತು. ಅದು ಚೆನ್ನಾಗಿತ್ತು. ಜಿಡ್ಡು ತೆಗೆಯುತ್ತದೆ, ಚರ್ಮ ಗೀಚುವುದಿಲ್ಲ. ಕಡಲೆಹಿಟ್ಟಿಗಿಂತ ಹೆಸರುಹಿಟ್ಟಿಗೆ ನನ್ನ ವೋಟು ಜಾಸ್ತಿ.

ಆದರೆ ಒಣಗೆನ್ನೆಗೆ ಎರಡೂ ಆಗಿಬರಲಿಲ್ಲ. ತೊಳೆದ ಮೇಲೆ ಬಿಗಿತ, ಬೆಳಿಗ್ಗೆ ಬಿಳಿ ಪೊರೆ. ಅಮ್ಮನಿಗೆ ಯಾಕೆ ಹೀಗಾಗಲ್ಲ ಅಂತ ಯೋಚಿಸಿದಾಗ ಕಾರಣ ಕಣ್ಣೆದುರಿಗೇ ಇತ್ತು. ಅವರು ಹೆಸರುಹಿಟ್ಟು ಹಚ್ಚೋದು ಎಣ್ಣೆಸ್ನಾನದ ದಿನ. ಮೊದಲು ಮೈಗೆಲ್ಲ ಎಣ್ಣೆ ತಿಕ್ಕಿ, ನೆನೆಯಲು ಬಿಟ್ಟು, ಆಮೇಲೆ ಆ ಎಣ್ಣೆ ತೆಗೆಯೋಕೆ ಹಿಟ್ಟು. ಅಲ್ಲಿ ಹಿಟ್ಟು ಚರ್ಮವನ್ನು ಉಜ್ಜುತ್ತಿಲ್ಲ, ಎಣ್ಣೆಯನ್ನು ಉಜ್ಜುತ್ತಿದೆ. ನಾವು ಈಗಿನವರು ಎಣ್ಣೆ ಬಿಟ್ಟು ಬರೀ ಹಿಟ್ಟನ್ನು ಹಿಡಿದುಕೊಂಡಿದ್ದೇವೆ. ಜೊತೆಗೆ ಪ್ಯಾಕ್ ಅಂತ ಹೆಸರಿಟ್ಟು, ಫ್ಯಾನಿನ ಕೆಳಗೆ ಕೂತು, ಬಿರಿಯುವವರೆಗೂ ಒಣಗಿಸಿ ಕೆರೆದು ತೆಗೆಯುತ್ತೇವೆ. ನಾಲ್ಕು ಹನಿ ಎಣ್ಣೆ ಹಚ್ಚಿದ ಕೆನ್ನೆಗೂ ಬರೀ ಕೆನ್ನೆಗೂ ಇದೇ ಹೆಸರುಹಿಟ್ಟು ಹಾಕಿ ನೋಡಿದೆ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಮೊಡವೆ ಏಳುವ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟಿಕೊಳ್ಳುತ್ತದೆ.

ಮೊಸರಿನಲ್ಲಿ ಲ್ಯಾಕ್ಟಿಕ್ ಆ್ಯಸಿಡ್ ಇದೆಯಲ್ಲ ಅಂತೀರಿ. ಇದೆ, ಹೆಚ್ಚೆಂದರೆ 1% ಆಸುಪಾಸು. ಅದೂ ಬಹುಪಾಲು ಚರ್ಮದ ಮೇಲೆ ಕೆಲಸ ಮಾಡದ ರೂಪದಲ್ಲಿ. ತಂಪಾಗುತ್ತದೆ, ಹಿತವಾಗಿರುತ್ತದೆ, ಅದರಾಚೆ ಜಾಸ್ತಿ ನಿರೀಕ್ಷೆ ಬೇಡ. ನಿಂಬೆಹಣ್ಣು ಮತ್ತು ಅಡುಗೆ ಸೋಡಾವನ್ನು ನಾನು ಸ್ಪರ್ಧೆಗೇ ಸೇರಿಸಲಿಲ್ಲ. ನಮ್ಮ ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5. ಅಳತೆ ಕೆಳಗಿಳಿದಷ್ಟೂ ಹುಳಿ ಜಾಸ್ತಿ. ನಿಂಬೆರಸದ್ದು 2ರ ಹತ್ತಿರ, ಸೋಡಾ ನೀರಿನದ್ದು 8ರ ಮೇಲೆ. ಎರಡೂ ವಿಪರೀತ. ಅದರಲ್ಲೂ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಗುಳ್ಳೆ ಎದ್ದು ಕಪ್ಪಾಗುತ್ತದೆ.

ಇನ್ನು ಟ್ಯೂಬಿನ ಸ್ಕ್ರಬ್. ಆಕ್ರೋಟಿನ ಚಿಪ್ಪು, ಏಪ್ರಿಕಾಟಿನ ಬೀಜ ಪುಡಿ ಮಾಡಿ ಹಾಕಿರುತ್ತಾರೆ. ಅಂಗೈಯಲ್ಲಿ ಸ್ವಲ್ಪ ಹಾಕಿ ಬೆಳಕಿಗೆ ಹಿಡಿದು ನೋಡಿ. ಒಂದು ಕಣ ದಪ್ಪ, ಒಂದು ಸಣ್ಣ, ಒಂದರ ಅಂಚು ಚೂಪು. ತೊಳೆದ ರಾತ್ರಿ ಕೆನ್ನೆ ಮಗುವಿನದ್ದಾಗಿತ್ತು. ಬೆಳಿಗ್ಗೆ ತಣ್ಣೀರು ಹಾಕಿದರೆ ಚುರ್. ಇನ್ನೊಂದು ಕೆನ್ನೆಗೆ ಏನೂ ಇಲ್ಲ. ನನ್ನ ಪರೀಕ್ಷೆಯಲ್ಲಿ ಅದು ಅಲ್ಲೇ ಔಟ್. ಚಿಕ್ಕಮ್ಮನ ಮಗಳಿಗೆ ಅದೇ ಟ್ಯೂಬು ಒಗ್ಗಿದೆ, ಅದೂ ನಿಜ. ಅವಳದು ಜಿಡ್ಡು ಚರ್ಮ, ಮೊಡವೆ ಇಲ್ಲ, ಕೈಯೂ ಹಗುರ. ಗುಂಡನೆಯ ಮೇಣದ ಮಣಿ ಇರುವ ಸ್ಕ್ರಬ್ಬುಗಳು ಇದಕ್ಕಿಂತ ಮೃದು. ಹಿಂದೆ ಪ್ಲಾಸ್ಟಿಕ್ ಮಣಿಗಳೂ ಬರುತ್ತಿದ್ದವು. ಅವು ಚರಂಡಿಯಿಂದ ಕೆರೆ, ನದಿ ಸೇರುತ್ತವೆ ಅಂತ ಅಮೆರಿಕದಲ್ಲಿ 2015ರಲ್ಲೇ ಕಾನೂನು ಮಾಡಿ ನಿಷೇಧಿಸಿದರು.

ಕಾಫಿಪುಡಿ, ಸಕ್ಕರೆ ಬೆರೆಸುವ ರೀಲ್ಸ್ ನೋಡಿರುತ್ತೀರಿ. ಡಿಕಾಕ್ಷನ್ ಇಳಿದ ಪುಡಿಯನ್ನು ಮೊಣಕೈ, ಹಿಮ್ಮಡಿಗೆ ಉಜ್ಜಿಕೊಳ್ಳಿ, ಚೆನ್ನಾಗಿರುತ್ತದೆ. ಮುಖಕ್ಕೆ ಬೇಡ. ಬಚ್ಚಲ ಜಾಲರಿಗೂ ಬೇಡ.

ಇಲ್ಲಿಯವರೆಗಿನದ್ದೆಲ್ಲ ಉಜ್ಜುವ ಕುಲ. ಬಾಟಲಿಯ ಆ್ಯಸಿಡ್‌ಗಳದ್ದು ಬೇರೆ ದಾರಿ. ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬೆಸುಗೆಯನ್ನು ಸಡಿಲಿಸುತ್ತವೆ, ಆಮೇಲೆ ಅವು ತಾವಾಗಿಯೇ ಉದುರುತ್ತವೆ. ಹೆಸರು ಕೇಳಿದರೆ ಭಯ ಆಗುತ್ತದೆ. ಅಮ್ಮನಂತೂ ‘ಆ್ಯಸಿಡ್ಡಾ? ಮುಖಕ್ಕಾ?’ ಅಂತ ಬಾಟಲಿಯನ್ನೇ ಎತ್ತಿಟ್ಟಿದ್ದರು. ಇದೇನೂ ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಮೀನಿನ ಹುರುಪೆಯಂತೆ ಚರ್ಮ ಏಳುವ ಕಾಯಿಲೆಗೆ ಈ ಆ್ಯಸಿಡ್‌ಗಳು ಗುಣ ಕೊಡುತ್ತವೆ ಅಂತ ಅಮೆರಿಕದ ವ್ಯಾನ್ ಸ್ಕಾಟ್ ಮತ್ತು ಯೂ ಎಂಬಿಬ್ಬರು 1974ರಲ್ಲೇ ಬರೆದಿದ್ದರು. ಸೌಂದರ್ಯದ ಅಂಗಡಿಗೆ ಬಂದದ್ದು ಆಮೇಲೆ.

ಇಲ್ಲಿ ನಿಜವಾದ ಪಂದ್ಯ ನಡೆದದ್ದು ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ನಡುವೆ. ಗ್ಲೈಕಾಲಿಕ್ ಕಬ್ಬಿನಲ್ಲೂ ಇರುತ್ತದೆ. ಹಾಗಂತ ಮಂಡ್ಯದ ಕಬ್ಬಿನಹಾಲು ಹಚ್ಚಿಕೊಂಡರೆ ಮುಖಕ್ಕೆ ಇರುವೆ ಬರುತ್ತದೆ ಅಷ್ಟೇ. ಈ ಗುಂಪಿನಲ್ಲಿ ಅದರ ಅಣು ಎಲ್ಲಕ್ಕಿಂತ ಚಿಕ್ಕದು, ಹಾಗಾಗಿ ಬೇಗ ಒಳಗಿಳಿಯುತ್ತದೆ. ಲ್ಯಾಕ್ಟಿಕ್ ಸ್ವಲ್ಪ ದೊಡ್ಡದು, ನಿಧಾನ. ಜೊತೆಗೆ ಚರ್ಮದಲ್ಲಿ ನೀರು ಹಿಡಿದಿಡುವ ಗುಣವೂ ಅದಕ್ಕಿದೆ. ಎಡಗೆನ್ನೆಗೆ ಗ್ಲೈಕಾಲಿಕ್, ಬಲಗೆನ್ನೆಗೆ 5% ಲ್ಯಾಕ್ಟಿಕ್, ಎರಡೂ ರಾತ್ರಿ ಹೊತ್ತು, ವಾರಕ್ಕೆರಡು ಸಲ. ಮೊದಮೊದಲು ಎಡಗೆನ್ನೆಯೇ ಮುಂದು. ಹೊಳಪು ಕನ್ನಡಿಯಲ್ಲಿ ಕಾಣುವಷ್ಟಿತ್ತು. ಆಮೇಲೆ ಎಡಗಡೆ ಮೂಗಿನ ಹೊಳ್ಳೆಯ ಮೂಲೆಯಲ್ಲಿ ಸಣ್ಣಗೆ ಸಿಪ್ಪೆ ಏಳತೊಡಗಿತು. ಬೆವರಿದಾಗ ಅಲ್ಲಿ ಉರಿ, ನಕ್ಕರೂ ಉರಿ. ಬಲಗೆನ್ನೆ ಸದ್ದಿಲ್ಲದೆ ಹಿಂದೆ ಬಂದು ಜೊತೆಯಾಯಿತು, ಉರಿ ಇಲ್ಲದೆ. ನೀರು ಹಾಕಿದಾಗ ಎರಡೂ ಕೆನ್ನೆಯ ನುಣುಪಿನಲ್ಲಿ ವ್ಯತ್ಯಾಸ ಹೇಳೋಕೆ ಆಗುತ್ತಿರಲಿಲ್ಲ. ಒಣಗೆನ್ನೆಗೆ ಲ್ಯಾಕ್ಟಿಕ್, ನನಗೆ ಅನುಮಾನವೇ ಇಲ್ಲ. ಅದೂ ಉರಿದರೆ ಮ್ಯಾಂಡೆಲಿಕ್ ಅಂತ ಇನ್ನೊಂದಿದೆ. ಅದರ ಅಣು ಇನ್ನೂ ದೊಡ್ಡದು, ಇನ್ನೂ ಸೌಮ್ಯ.

ಮೂಗು, ಹಣೆಗೆ ಇವೆರಡೂ ಅಷ್ಟಕ್ಕಷ್ಟೇ. ಅಲ್ಲಿ ಸ್ಯಾಲಿಸಿಲಿಕ್ ಆ್ಯಸಿಡ್‌ಗೆ ಎದುರಾಳಿಯೇ ಇಲ್ಲ. ಗ್ಲೈಕಾಲಿಕ್, ಲ್ಯಾಕ್ಟಿಕ್ ನೀರಿನಲ್ಲಿ ಕರಗುವಂಥವು. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಬೆರೆಯುತ್ತದೆ, ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಗೆ ಇಳಿಯುತ್ತದೆ. 2% ಸಾಕು, ಅಂಗಡಿಯಲ್ಲಿ ಸಿಗೋದೂ ಹೆಚ್ಚಾಗಿ ಅಷ್ಟೇ. ಬೆಳಕಿಗೆ ಅಡ್ಡಲಾಗಿ ನಿಂತರೆ ಕಾಣುತ್ತಿದ್ದ ಹಣೆಯ ಸಣ್ಣ ಸಣ್ಣ ಬೊಕ್ಕೆ ಇಳಿದದ್ದು ಇದರಿಂದಲೇ. ಮೂಗಿನ ಮೇಲಿನ ಬೂದುಬಣ್ಣದ ಚುಕ್ಕಿ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಹೋಗುವುದೂ ಇಲ್ಲ. ಅದು ಕೊಳೆಯಲ್ಲ, ರಂಧ್ರದೊಳಗೆ ಜಿಡ್ಡು ಹರಿಯುವ ಕೊಳವೆಯ ಬಾಯಿ. ಹಿಸುಕಿ ತೆಗೆದರೂ ತಿಂಗಳೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಇದೇ ಸ್ಯಾಲಿಸಿಲಿಕ್ ಅನ್ನು ಕೆನ್ನೆಗೂ ಎಳೆದರೆ ಒಣಗಿ ಬಿರಿಯುತ್ತದೆ. ಒಂದೇ ಮುಖಕ್ಕೆ ಎರಡು ಬಾಟಲಿಯಾ ಅಂತ ನಗಬೇಡಿ, ನನ್ನ ಮುಖ ಇರುವುದೇ ಹಾಗೆ. ಬೇರೆ ಬೇರೆ ರಾತ್ರಿ ಹಚ್ಚುತ್ತೇನೆ. ಆಸ್ಪಿರಿನ್ ಅಲರ್ಜಿ ಇರುವವರು ಸ್ಯಾಲಿಸಿಲಿಕ್ ಮುಟ್ಟಬಾರದು, ಬಸುರಿಯರು ಡಾಕ್ಟರನ್ನು ಕೇಳದೆ ಹಚ್ಚಬಾರದು.

ರಕ್ತದಂತೆ ಕೆಂಪಗಿರುವ, 30% ಆ್ಯಸಿಡ್ ಇರುವ ಪೀಲ್ (ಸಿಪ್ಪೆ ಏಳಿಸುವ) ದ್ರವವನ್ನು ಹಚ್ಚಿಕೊಂಡು ಫೋಟೊ ಹಾಕುವವರಿದ್ದಾರೆ. ಅಮೆರಿಕದ ಸೌಂದರ್ಯವರ್ಧಕಗಳ ಪರಿಶೀಲನಾ ಸಮಿತಿ ಗ್ಲೈಕಾಲಿಕ್, ಲ್ಯಾಕ್ಟಿಕ್ ಮನೆಬಳಕೆಗೆ ಸುರಕ್ಷಿತ ಅಂದದ್ದು 10%ವರೆಗೆ, ಅದೂ ಪಿಎಚ್ 3.5ಕ್ಕಿಂತ ಕೆಳಗಿಳಿಯದಿದ್ದರೆ. ಅದರಾಚೆಯದ್ದು ಡಾಕ್ಟರ ಕೈಯಲ್ಲಿರಲಿ.

ಪಾರ್ಲರಿನ ಕ್ಲೀನಪ್ ಅನ್ನೂ ಹೋಲಿಕೆಗೆ ಸೇರಿಸುವ ಆಸೆ ಇತ್ತು. ‘ಅಕ್ಕಾ, ಅರ್ಧ ಮುಖ ಮಾತ್ರ ಮಾಡಿ’ ಅಂದಾಗ ಅವರು ನೋಡಿದ ನೋಟ ಇದೆಯಲ್ಲ! ಪೂರ್ತಿ ಮುಖಕ್ಕೇ ಮಾಡಿದರು. ಹಬೆ, ಸ್ಕ್ರಬ್, ಸೂಜಿಬಾಯಿಯ ಕಡ್ಡಿಯಿಂದ ಮೂಗು ಒತ್ತುವುದು. ಎರಡು ದಿನ ಚೆಂದ ಕಾಣುತ್ತದೆ. ಉಜ್ಜುವುದೇ ತಾನೇ, ಕೈ ಮಾತ್ರ ಬೇರೆಯವರದ್ದು.

ಆ್ಯಸಿಡ್‌ಗಳಿಗೆ ಒಂದು ಬೆಲೆ ಇದೆ. ಗ್ಲೈಕಾಲಿಕ್, ಲ್ಯಾಕ್ಟಿಕ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹಚ್ಚೋದು ನಿಲ್ಲಿಸಿದ ಮೇಲೂ ಸುಮಾರು ಒಂದು ವಾರ ಹಾಗೇ ಇರುತ್ತದೆ. ಬೆಂಗಳೂರಿನ ಗಾಳಿ ತಂಪು ಅಂತ ಮೋಸ ಹೋಗಬೇಡಿ. ನಾವು 900 ಮೀಟರ್ ಎತ್ತರದಲ್ಲಿದ್ದೇವೆ, ಬೇಸಿಗೆಯ ನಡುಮಧ್ಯಾಹ್ನ ಇಲ್ಲಿ ಯುವಿ ಸೂಚ್ಯಂಕ (ಬಿಸಿಲಿನಲ್ಲಿ ಚರ್ಮ ಸುಡುವ ಕಿರಣಗಳ ಅಳತೆ) 10 ದಾಟುವುದು ಮಾಮೂಲು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಸನ್‌ಸ್ಕ್ರೀನ್ ಮುಖ, ಕತ್ತಿಗೆ ಬೇಕು, ಎಸ್‌ಪಿಎಫ್ 30 ಅಥವಾ ಜಾಸ್ತಿ. ಅಷ್ಟು ಹಚ್ಚುವ ತಾಳ್ಮೆ ಇಲ್ಲದವರಿಗೆ ಹೆಸರುಹಿಟ್ಟೇ ಒಳ್ಳೆಯದು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ.

ದುಡ್ಡಿನ ಲೆಕ್ಕದಲ್ಲೂ ಸನ್‌ಸ್ಕ್ರೀನೇ ಭಾರ. ₹500 ಆಸುಪಾಸಿನ 30 ಮಿ.ಲೀ. ಸೀರಮ್, ವಾರಕ್ಕೆರಡು ಸಲ ನಾಲ್ಕು ಹನಿಯಂತೆ ಹಚ್ಚಿದರೆ ತಿಂಗಳುಗಟ್ಟಲೆ ಬರುತ್ತದೆ. ಸನ್‌ಸ್ಕ್ರೀನ್ ಟ್ಯೂಬು ಬೇಗ ಖಾಲಿ.

ಹೊಸದೇನೇ ತಂದರೂ ಮೊದಲು ಕಿವಿಯ ಕೆಳಗೆ, ದವಡೆಯ ಅಂಚಿನಲ್ಲಿ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ಮುಂದಿನ ವಾರ ಮದುವೆ ಇದ್ದರೆ ಈಗ ಯಾವುದನ್ನೂ ಶುರು ಮಾಡಬೇಡಿ. ಅಡಾಪಲೀನ್‌ನಂಥ ಮೊಡವೆ ಕ್ರೀಮ್ ಹಚ್ಚುತ್ತಿದ್ದರೆ ಅದರ ಜೊತೆ ಆ್ಯಸಿಡ್ ಬೇಡ. ಕೆನ್ನೆಯ ಮೇಲೆ ಬಂಗು ಇದ್ದವರು ಅದನ್ನು ಉಜ್ಜಿ ತೆಗೆಯಲು ಹೋಗಬೇಡಿ, ಉಜ್ಜಿದಷ್ಟೂ ಕಪ್ಪಾಗುತ್ತದೆ. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಡುವ ಟ್ಯೂಬನ್ನೂ ನಂಬಬೇಡಿ. ಎಷ್ಟೋ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇರುತ್ತದೆ. ಅಂಥ ಹಲವು ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹಚ್ಚಿದ ವಾರದಲ್ಲೇ ಮುಖ ತಿಳಿಯಾಗುತ್ತದೆ, ತಿಂಗಳುಗಳಾದ ಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣತೊಡಗುತ್ತದೆ. ಬಂಗಿಗೆ ಚರ್ಮದ ಡಾಕ್ಟರೇ ಆಗಬೇಕು.