ಆಲ್ಫಾ ಕಾಣದ ಗೈಗರ್ ಕೌಂಟರ್

ಚಿತ್ರದುರ್ಗದ ನಮ್ಮ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆಂದು ಆನ್‌ಲೈನಿನಲ್ಲಿ ತರಿಸಿದ ಈ ಗೈಗರ್ ಕೌಂಟರನ್ನು, ಅಂದರೆ ವಿಕಿರಣವನ್ನು ಟಿಕ್ ಸದ್ದಿನೊಡನೆ ಎಣಿಸುವ ಉಪಕರಣವನ್ನು, ಎರಡು ತಿಂಗಳಿಂದ ಬಳಸುತ್ತಿದ್ದೇನೆ. ಮೊಬೈಲಿನಷ್ಟೇ ಗಾತ್ರ, ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಮಕ್ಕಳನ್ನು ಕೋಟೆಗೆ ಕರೆದೊಯ್ದು ಒನಕೆ ಓಬವ್ವನ ಕಿಂಡಿಯ ಬಳಿ ಬಂಡೆಗೆ ಒತ್ತಿ ಹಿಡಿದಾಗ, ಅಂಗಳದಲ್ಲಿ ಬಿಟ್ಟು ಬಿಟ್ಟು ಕೇಳುತ್ತಿದ್ದ ಟಿಕ್ ಟಿಕ್ ಸದ್ದು ತುಸು ಬಿರುಸಾಯಿತು. ಕಲ್ಲಿನೊಳಗೆ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಇರವನ್ನು ಮಕ್ಕಳು ಕಿವಿಯಿಂದಲೇ ಅರಿತರು.

ಆದರೆ ಡಬ್ಬಿಯ ಮೇಲೆ 'ಎಲ್ಲ ಬಗೆಯ ವಿಕಿರಣವನ್ನೂ ಅಳೆಯುತ್ತದೆ' ಎಂದು ಅಚ್ಚಾಗಿರುವುದು ಸುಳ್ಳು. ಹಳೆಯ ಪೆಟ್ರೋಮ್ಯಾಕ್ಸ್ ದೀಪದ ಥೋರಿಯಂ ಮ್ಯಾಂಟಲ್ (ಬೆಳಗುವ ಬಲೆ) ಒಂದನ್ನು ಮುಂದಿಟ್ಟು, ನಡುವೆ ಕಾಗದ ಹಿಡಿದೆ, ಎಣಿಕೆ ಕದಲಲಿಲ್ಲ. ಸ್ಟೀಲ್ ತಟ್ಟೆ ಹಿಡಿದೆ, ಸರ್ರನೆ ಇಳಿಯಿತು. ಆಲ್ಫಾ, ಬೀಟಾ, ಗಾಮಾ ಎಂಬ ವಿಕಿರಣದ ಬಗೆಗಳಲ್ಲಿ ಆಲ್ಫಾ ಕಣಗಳನ್ನು ತಡೆಯಲು ಕಾಗದವೇ ಸಾಕು. ಕಾಗದವಿಟ್ಟರೂ ಎಣಿಕೆ ಇಳಿಯಲಿಲ್ಲವೆಂದರೆ, ಕೌಂಟರಿನೊಳಗೆ ವಿಕಿರಣವನ್ನು ಗ್ರಹಿಸುವ ಕೊಳವೆಯ ಗಾಜನ್ನು ದಾಟಲಾರದ ಆ ಕಣಗಳು ಮೊದಲಿನಿಂದಲೂ ಲೆಕ್ಕಕ್ಕೆ ಸಿಕ್ಕಿರಲಿಲ್ಲ ಎಂದೇ ಅರ್ಥ.

ಇದನ್ನು ಸಣ್ಣ ದೋಷವೆಂದು ಬಿಟ್ಟುಬಿಡಲು ನನಗೆ ಮನಸ್ಸಾಗದು. 1946ರ ಜುಲೈ 25ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕವು ನೀರಿನಡಿಯಲ್ಲಿ ನಡೆಸಿದ ಬೇಕರ್ ಅಣ್ವಸ್ತ್ರ ಪರೀಕ್ಷೆಯ ಬಳಿಕ, ಕಲುಷಿತ ಹಡಗುಗಳನ್ನು ನಾವಿಕರು ಸಾಬೂನು ಹಾಕಿ ಬ್ರಷ್ಷಿನಿಂದ ಉಜ್ಜುತ್ತಿದ್ದಾಗ, ಅಲ್ಲಿದ್ದ ಗೈಗರ್ ಕೌಂಟರುಗಳಿಗೂ ಬಾಂಬಿನಲ್ಲಿದ್ದ ಪ್ಲುಟೋನಿಯಂನ ಆಲ್ಫಾ ಕಾಣುತ್ತಿರಲಿಲ್ಲ. ಮೀನೊಂದು ತನ್ನೊಳಗಿನ ವಿಕಿರಣದಿಂದಲೇ ಫಿಲ್ಮಿನ ಮೇಲೆ ಮೂಡಿಸಿದ ಚಿತ್ರವನ್ನು ವಿಕಿರಣ ಸುರಕ್ಷತೆಯ ಮುಖ್ಯಸ್ಥ ಸ್ಟಾಫರ್ಡ್ ವಾರೆನ್ ಅವರು ಪರೀಕ್ಷೆಯ ನಾಯಕತ್ವ ವಹಿಸಿದ್ದ ಅಡ್ಮಿರಲ್ ಬ್ಲಾಂಡಿಯವರ ಮುಂದಿಟ್ಟ ಮೇಲಷ್ಟೇ, ಆಗಸ್ಟ್ 10ರಂದು ಆ ಕೆಲಸ ನಿಂತಿತು. ಅಲ್ಲಿಯವರೆಗೆ ನಾವಿಕರು ಉಸಿರಾಡಿದ ದೂಳಿಗೆ ಲೆಕ್ಕವಿಟ್ಟವರಿಲ್ಲ.

ಇನ್ನೊಂದು ಕೊರತೆಯೂ ಇದೆ. ವಿಕಿರಣ ಮಿತಿ ಮೀರಿದರೆ ಪರದೆ ಏನು ತೋರಿಸುತ್ತದೆ ಎಂಬುದನ್ನು ಕೈಪಿಡಿ ಹೇಳುವುದೇ ಇಲ್ಲ. ಅತಿಯಾದ ವಿಕಿರಣದಲ್ಲಿ ಕೆಲವು ಅಗ್ಗದ ಕೊಳವೆಗಳು ಸ್ತಬ್ಧವಾಗಿ ಸೊನ್ನೆ ತೋರಿಸುವುದುಂಟು. ಬಿಕಿನಿಯಲ್ಲೇ ಅಮೆರಿಕ ನಡೆಸಿದ, ಸುಮಾರು 6 ಮೆಗಾಟನ್ ಬಲದ್ದೆಂದು ಎಣಿಸಿದ್ದ ಬ್ರಾವೋ ಅಣ್ವಸ್ತ್ರ ಸ್ಫೋಟ 1954ರ ಮಾರ್ಚ್ 1ರಂದು 15 ಮೆಗಾಟನ್ ಆಗಿ, ಬೂದಿ ಪೂರ್ವಕ್ಕೆ ಹಾರಿದಾಗ, ರೋಂಗೆರಿಕ್ ದ್ವೀಪದಲ್ಲಿ 28 ಅಮೆರಿಕನ್ ಸಿಬ್ಬಂದಿಯ ಬಳಿಯಿದ್ದ ಉಪಕರಣದ ಮಾಪನ ಗಂಟೆಗೆ 100 ಮಿಲಿರೋಂಟ್ಜನ್‌ಗೇ (ವಿಕಿರಣದ ಒಂದು ಮಾನ) ಮುಗಿಯುತ್ತಿತ್ತು. ಮುಳ್ಳು ಅಂಚಿಗೆ ಬಡಿದ ಮೇಲೆ ನಿಜವಾದ ಪ್ರಮಾಣವೆಷ್ಟೆಂದು ಅದರಿಂದ ತಿಳಿಯುವಂತಿರಲಿಲ್ಲ.

ತರಗತಿಗೆ ಇದನ್ನು ಕೊಳ್ಳಬಹುದು. ಆಲ್ಫಾ ಬೇಕಿದ್ದವರು ತೆಳು ಅಭ್ರಕದ ಕಿಟಕಿಯಿರುವ ಕೊಳವೆಯನ್ನೇ ಕೇಳಿ ಪಡೆಯಬೇಕು. ಮಾರಾಟಗಾರರಿಗೆ ಎರಡು ಬಾರಿ ಬರೆದರೂ ಉತ್ತರ ಬಂದಿಲ್ಲ. ಡಬ್ಬಿಯ ಆ ಸಾಲಿನ ಮೇಲೆ ಬಿಳಿ ಪಟ್ಟಿ ಅಂಟಿಸಿ, 'ಬೀಟಾ, ಗಾಮಾ ಮಾತ್ರ' ಎಂದು ಮಕ್ಕಳ ಕೈಯಿಂದಲೇ ಬರೆಸಿದ್ದೇನೆ.