ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪಾರ್ಟ್ ಬ್ಲಾಸ್ಟಿಂಗ್‌ಗೆ ಕೊಡುವ ಮುಂಚೆ ಬ್ಲಾಸ್ಟಿಂಗ್‌ನವರ ಕ್ಯಾಬಿನೆಟ್ ನೋಡಿ

ಪುಣೆಯ ಭೋಸರಿ, ಚಾಕಣ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವ ಕನ್ನಡದವರು ತುಂಬಾ ಜನ ಇದ್ದೀರಿ. ನಮಗಾದ ನಷ್ಟ ನಿಮಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಹಾಲಿನ ಪ್ಯಾಕಿಂಗ್ ಮೆಷಿನ್‌ಗೆ 304 ಗ್ರೇಡ್ ಸ್ಟೇನ್‌ಲೆಸ್ ಪಾರ್ಟ್‌ಗಳ ಆರ್ಡರ್ ಇತ್ತು. ಮ್ಯಾಟ್ ಫಿನಿಶ್‌ಗೆ, ಅಂದರೆ ಹೊಳಪಿಲ್ಲದ ಮೈಗೆ, ಭೋಸರಿಯ ಒಂದು ಕಡೆ ಬ್ಲಾಸ್ಟಿಂಗ್‌ಗೆ ಕೊಟ್ಟೆವು. ಬ್ಲಾಸ್ಟಿಂಗ್ ಅಂದರೆ ಕ್ಯಾಬಿನೆಟ್ ಅನ್ನುವ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯ ರಭಸದಿಂದ ಸಣ್ಣ ಕಣಗಳನ್ನು ಪಾರ್ಟ್ ಮೇಲೆ ಹೊಡೆಯುವುದು. ಗ್ಲಾಸ್ ಬೀಡ್ (ಸಣ್ಣ ಗಾಜಿನ ಗುಂಡು) ಮಾತ್ರ ಹೊಡೆಯಬೇಕು ಅಂತ ಚಲನ್ ಮೇಲೆಯೇ ಬರೆದಿದ್ದೆವು. ವಾಪಸ್ ಬಂದಾಗ ಟೂಲ್ ಗೆರೆ ಒಂದೂ ಇಲ್ಲ, ಎಲ್ಲಾ ಒಂದೇ ಸಮ ಬೂದು ಬಣ್ಣ. ಖುಷಿಯಿಂದ ಕಳಿಸಿದೆವು. ಮಳೆಗಾಲ ಬೇರೆ. ಸ್ವಲ್ಪ ದಿನಕ್ಕೆ ಗಿರಾಕಿಯಿಂದ ಫೋಟೋ ಬಂತು, ಪಾರ್ಟ್ ಮೈತುಂಬ ಕಂದು ಚುಕ್ಕೆ. ಡೂಪ್ಲಿಕೇಟ್ ಮೆಟೀರಿಯಲ್ ಹಾಕಿದ್ದೀರಿ ಅಂದರು. ಆ ಮಾತು ತುಂಬಾ ನೋವು ಕೊಟ್ಟಿತು.

ಟೆಸ್ಟ್ ಮಾಡಿಸಿದರೆ ಮೆಟೀರಿಯಲ್ ಸರಿಯಾಗಿಯೇ ಇತ್ತು. ಬ್ಲಾಸ್ಟಿಂಗ್‌ನವರ ಹತ್ತಿರ ಹೋದಾಗ ವಿಷಯ ಗೊತ್ತಾಯಿತು. ತುಕ್ಕು ಹಿಡಿದ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪಾರ್ಟ್‌ಗಳನ್ನೂ ಅದೇ ಕ್ಯಾಬಿನೆಟ್‌ನಲ್ಲಿ, ಅದೇ ಬೀಡ್‌ನಿಂದ ಹೊಡೆಯುತ್ತಿದ್ದರು. ಬೀಡ್ ಒಳಗೇ ಸುತ್ತುತ್ತಿರುತ್ತದೆ ಅಲ್ವಾ? ಎಂಎಸ್‌ನಿಂದ ಎದ್ದ ಕಬ್ಬಿಣದ ಪುಡಿ ಅದರಲ್ಲೇ ಉಳಿದು, ನಮ್ಮ ಪಾರ್ಟ್ ಮೈಯೊಳಗೆ ಹೊಕ್ಕಿದೆ. 304ರಲ್ಲಿ ಸುಮಾರು 18% ಕ್ರೋಮಿಯಂ ಇರುತ್ತದೆ. ಅದು ಕಟ್ಟುವ ತೆಳು ಪದರವೇ ತುಕ್ಕು ತಡೆಯುವುದು. ಹೊರಗಿನಿಂದ ಬಂದು ಕೂತ ಕಬ್ಬಿಣಕ್ಕೆ ಆ ರಕ್ಷಣೆ ಇಲ್ಲ. ತೇವ ತಗುಲಿದರೆ ಸಾಕು.

ಬ್ಲಾಸ್ಟಿಂಗ್‌ನವರು ಒಂದು ರೂಪಾಯಿ ಕೊಡಲಿಲ್ಲ. ಬೇರೆ ಕಡೆ ಹೊಸ ಬೀಡ್‌ನಲ್ಲಿ ಮತ್ತೆ ಹೊಡೆಸಿ, ಸಿಟ್ರಿಕ್ ಆಸಿಡ್‌ನಲ್ಲಿ ಪ್ಯಾಸಿವೇಶನ್ (ಮೈಮೇಲೆ ಕೂತ ಕಬ್ಬಿಣ ಕರಗಿಸಿ ತೆಗೆಯುವುದು) ಮಾಡಿಸಿದ ಮೇಲೆ ಪಾರ್ಟ್ ಉಳಿದವು. ಖರ್ಚೆಲ್ಲ ನಮ್ಮದೇ.

ಆದ್ದರಿಂದ ಸುಮ್ನೆ ರೇಟ್ ಕೇಳಿ ಬರಬೇಡಿ. ಎಸ್‌ಎಸ್‌ಗೆ ಬೇರೆ ಕ್ಯಾಬಿನೆಟ್ ಇದೆಯಾ ಅಂತ ಕಣ್ಣಾರೆ ನೋಡಿ. ಬೀಡ್ ಒಂದು ಹಿಡಿ ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಿ. ಕಪ್ಪು ಪುಡಿ ಎದ್ದು ಬಂದರೆ ಅಲ್ಲಿ ಕೊಡಬೇಡಿ. ಯಾರಾದರೂ ಬೀಡ್ ಬದಲು ನದಿ ಮರಳು ಹೊಡೆಯುತ್ತಿದ್ದರೆ ಅಲ್ಲಂತೂ ಬೇಡವೇ ಬೇಡ. ಆ ಧೂಳಿನಿಂದ ಕೆಲಸದ ಹುಡುಗರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ, ಅದಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ಬ್ರಿಟನ್‌ನಲ್ಲಿ 1950ರಲ್ಲೇ ಹೀಗೆ ಮರಳು ಹೊಡೆಯುವುದನ್ನು ನಿಲ್ಲಿಸಿದ್ದಾರೆ.

ಮಾಲು ಬಂದ ಮೇಲೆ ಒಂದೆರಡು ಪಾರ್ಟ್ ಒದ್ದೆ ಮಾಡಿ, ಒಣಗಿಸಿ, ಮತ್ತೆ ಒದ್ದೆ ಮಾಡುತ್ತಾ ಒಂದು ದಿನ ನೋಡಿ. ಕಬ್ಬಿಣ ಕೂತಿದ್ದರೆ ಚುಕ್ಕೆ ಕಾಣುತ್ತದೆ. ಮೈಲುತುತ್ತದ ಟೆಸ್ಟ್ (ಅದರ ನೀರು ಹಚ್ಚಿದರೆ ಕಬ್ಬಿಣ ಇದ್ದಲ್ಲಿ ತಾಮ್ರದ ಬಣ್ಣ ಬರುತ್ತದೆ) ಇನ್ನೂ ಬೇಗ ತೋರಿಸುತ್ತದೆ, ಆದರೆ ಹಾಲು, ತಿಂಡಿಗೆ ತಾಗುವ ಪಾರ್ಟ್ ಮೇಲೆ ಅದನ್ನು ಮಾಡಬೇಡಿ.